ಮಾಸ್ತರು ಟ್ರೇನಿಂಗಿಗೆ ಹೋದ್ರ ಶಾಲಿ ಯಾರು ನೋಡ್ಬೇಕು?

ಮುದ್ದೇಬಿಹಾಳ ತಾಲ್ಲೂಕಿನ ಪ್ರಭಾರಿ ಮುಖ್ಯ ಶಿಕ್ಷಕರೊಬ್ಬರು ಹೋದ ವಾರ ಕೇಳಿದ್ದರು: ಐದು ತರಗತಿಗೆ ನಾವು ಇಬ್ರೇ, ಐದು ದಿನದ ತರಬೇತಿಗೆ ನನ್ನ ಹೆಸರು ಬಂದದ, ಬರಂಗಿಲ್ಲ ಅಂತ ಬರದುಕೊಡ್ಲೇನು? ಓದುಗರು ಬರೆದ ಉತ್ತರಗಳು ಇಲ್ಲಿವೆ.

*

ಪಗಾರ ಬ್ಯಾಡ ಅಂತ ಎಂದಾದ್ರೂ ಬರದುಕೊಟ್ಟೀರೇನ್ರಿ? ಆರ್ಡರ್ ಬಂದ್ರ ಹೋಗ್ಬೇಕು.
– ಶಿಕ್ಷಕ, ಇಂಡಿ

ಖಾರ ಇದೆ, ಇರಲಿ. ಮುಂದಿನದು ಉದ್ದದ ಪತ್ರ, ಕತ್ತರಿ ಹಾಕೋ ಮನಸ್ಸಾಗಲಿಲ್ಲ.

*

ಸರ್, ನಿಮ್ಮ ಪತ್ರ ಓದಿ ರಾತ್ರಿ ನಿದ್ದಿ ಬರ್ಲಿಲ್ಲ ನೋಡ್ರಿ. ಚಟುವಟಿಕಿಯಿಂದ ಕಲಿಸೋ ನಲಿ-ಕಲಿ ಪದ್ಧತಿ ಟ್ರೇನಿಂಗ್ ಮುಗಿಸ್ಕೊಂಡು ಬಂದಾಗ ನನಗ ಎಷ್ಟು ಹುರುಪು ಇತ್ತಂದ್ರ, ಕಾರ್ಡೆಲ್ಲ ಹೊಂದಿಸಿ, ಗ್ವಾಡಿಗೆ ದಾರ ಕಟ್ಟಿ ಹುಡುಗರ ಚಿತ್ರ ನೇತುಹಾಕಿ, ಗುಂಪು ಮಾಡಿ ಕೂಡಿಸಿದ್ದೆ, ಭೇಟಿಗೆ ಬಂದ ಸಾಹೇಬ್ರು ಬಾಗಲದಾಗ ನಿಂತು "ಏನ್ರಿ ಟೀಚರ್, ಇದೇನು ಸಂತೀನ?" ಅಂದು ಹಾಜರಿ ಪುಸ್ತಕ ನೋಡಿ ಹೋದ್ರು. ಕಲಿತಿದ್ದು ಕ್ಲಾಸಿನ್ಯಾಗ ಹೆಂಗ ನಡದದ ಅಂತ ನೋಡಾಕ ಒಬ್ರೂ ಬರ್ಲಿಲ್ಲ. ಮುಂದ 2019ಕ್ಕ ನಿಷ್ಠಾ ಅನ್ನೋ ಕೇಂದ್ರ ಸರ್ಕಾರದ ಶಿಕ್ಷಕರ ತರಬೇತಿ ಬಂತು, 2020ರ ಶಿಕ್ಷಣ ನೀತಿಯೊಳಗ ಮಾಸ್ತರಿಗೂ ಹೆಡ್‌ಮಾಸ್ತರಿಗೂ ವರ್ಷಕ್ಕ 50 ತಾಸು ತರಬೇತಿ ಅಂತ ಬರದಾರ. ನಮ್ಮ ಸೊಸಿನೂ ಟೀಚರ್ರೇ, ದೀಕ್ಷಾ ಅನ್ನೋ ಆನ್‌ಲೈನ್ ತರಬೇತಿ ಆ್ಯಪ್‌ದಾಗ ವಿಡಿಯೊ ಓಡಾಕ ಹಚ್ಚಿ ಈ ಕಡೆ ರೊಟ್ಟಿ ಬಡೀತಾಳ, ಸರ್ಟಿಫಿಕೇಟ್ ಮಾತ್ರ ಬರ್ತದ! ನೀವು ಹೋಗ್ರಿ, ಬ್ಯಾಡ ಅನಬ್ಯಾಡ್ರಿ. ಆದ್ರ ಆ ಐದು ದಿನಕ್ಕ ಬಾಜು ಶಾಲಿಯಿಂದ ಒಬ್ರನ್ನ ನಿಯೋಜನೆ ಮಾಡ್ರಿ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ಈಗ್ಲೇ ಪತ್ರ ಕೊಡ್ರಿ, ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಾಯಿಲೆ ಹೇಳಿದ್ರ ಸಾಲಂಗಿಲ್ಲ, ಒಂದು ಪ್ರತಿ ಮ್ಯಾಲ ಸ್ವೀಕೃತಿ ಸಿಕ್ಕಾ ಹಾಕಿಸ್ಕೊಳ್ರಿ.
– ನಿವೃತ್ತ ಶಿಕ್ಷಕಿ, ಬೈಲಹೊಂಗಲ

ಈ ಪತ್ರ ಇಲಾಖೆಯವರೂ ಓದಲಿ. ಇನ್ನೊಬ್ಬರ ಸಂಕಟ ಬೇರೆ ಕಡೆಯದು.

*

ನಿಮಗ ಕರದು ಊಟ ಹಾಕಿ ಟಿಎ ಕೊಟ್ಟು ಕಲಿಸ್ತಾರ, ಅದಕ್ಕೂ ತಕರಾರು. ನಾನು ಹೈಸ್ಕೂಲ್ ಆಫೀಸ್‌ದಾಗ ಎಸ್‌ಡಿಎ, ಅಂದ್ರ ದ್ವಿತೀಯ ದರ್ಜೆ ಸಹಾಯಕ. ಎಚ್‌ಆರ್‌ಎಂಎಸ್ ಸಾಫ್ಟ್‌ವೇರ್‌ದಾಗ ಪಗಾರ ಬಿಲ್ಲು, ಸರ್ಕಾರಿ ಖಜಾನೆಯ ಆನ್‌ಲೈನ್ ವ್ಯವಸ್ಥೆ ಖಜಾನೆ-2, ಹುಡುಗರ ಟಿಸಿ ಎಲ್ಲಾ ನಾನೇ, ಕಲಿಸಿದವ್ರು ಯಾರೂ ಇಲ್ಲ, ಯೂಟ್ಯೂಬೇ ಗುರು. ಬಿಲ್ಲು ವಾಪಸ್ ಬಂದ್ರ ಮೊದಲು ಬೈಯೋರು ಈ ಮಾಸ್ತರೇ.
– ಮುಧೋಳ

*

ಟ್ರೇನಿಂಗ್ ಸೂಟ್ಯಾಗ ಇಟ್ರ ಮಾಸ್ತರಿಗೆ ಸಿಟ್ಟು, ಶಾಲಿ ಇದ್ದಾಗ ಇಟ್ರ ನಮಗ ಸಿಟ್ಟು. ಅದಿರ್ಲಿ, ನಮ್ಮ ಶಾಲಿ ಪಾಯಖಾನಿಗೆ ನೀರಿಲ್ರಿ, ಅದನ್ನೂ ಹಾಕ್ರಿ.
– ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯ, ಗೋಕಾಕ

ಹಾಕಿದ್ದೇವೆ. ಮುದ್ದೇಬಿಹಾಳದ ಗುರುಗಳೇ, ಬೈಲಹೊಂಗಲದ ಅಕ್ಕೋರು ಹೇಳಿದ ಪತ್ರಕ್ಕೆ ಬಿಇಒ ಕಚೇರಿಯಿಂದ ಏನು ಉತ್ತರ ಬಂತು, ನಮಗೂ ತಿಳಿಸಿ. – ಸಂ.