ಪ್ಲೇನಾರ್ ಹೆಡ್‌ಫೋನಿನ ಬಲಗಡೆ ಝರ್‌ಝರ್ ಸದ್ದು, ಡ್ರೈವರ್ ಹೋಯಿತಾ?

ಅನಗೋಳದ ಕೇಳುಗ, ಬೆಳಗಾವಿ

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಹತ್ತಿರ ಒಂದು ಪ್ಲೇನಾರ್ ಮ್ಯಾಗ್ನೆಟಿಕ್ ಹೆಡ್‌ಫೋನ್ ಇದೆ. ಓಪನ್ ಬ್ಯಾಕ್ (ಕಪ್ಪಿನ ಹಿಂಬದಿ ಬರೀ ಜಾಲರಿ), 32 ಓಮ್. ಎರಡು ದೀಪಾವಳಿಯ ಬೋನಸ್ ಕೂಡಿಸಿ ತಗೊಂಡದ್ದು. ವಾರಂಟಿ ಮುಗಿದು ಎರಡು ತಿಂಗಳಾಯಿತು, ಈಗ ಬಲಗಡೆ ಏನೋ ಸದ್ದು ಶುರುವಾಗಿದೆ.

ಮೊದಲು ನನಗೆ ಗೊತ್ತೇ ಆಗಲಿಲ್ಲ. ನಾನು ಜಾಸ್ತಿ ಕೇಳುವುದು ಹಿಂದೂಸ್ತಾನಿ, ಅದರಲ್ಲೂ ಕುಮಾರ ಗಂಧರ್ವರು. ನಮ್ಮ ಸುಳೇಭಾವಿಯಲ್ಲೇ ಹುಟ್ಟಿದವರು, ಮನೆಯಿಂದ ಬೈಕಿನಲ್ಲಿ ಹೋಗಿ ಬರುವಷ್ಟು ದೂರ. ತಂಬೂರಿಯಲ್ಲಿ ಹೇಗೂ ಜವಾರಿ ಇರುತ್ತದೆ ಅಲ್ವಾ, ಕುದುರೆ ಮೇಲೆ ತಂತಿಯ ಕೆಳಗೆ ದಾರ ಸೇರಿಸಿ ಆ ಝೇಂಕಾರ ಬರಿಸುತ್ತಾರೆ. ಹಾಗಾಗಿ ಆ ಝರ್ ಅನ್ನುವ ಸದ್ದು ತಂಬೂರಿಯದ್ದೇ ಅಂದುಕೊಂಡು ಒಂದು ವಾರ ಕಳೆದೆ. ಆಮೇಲೆ ಒಂದು ರಾತ್ರಿ ಬರೀ ತಬಲಾ ಸೋಲೋ ಹಾಕಿದೆ. ಡಗ್ಗಾದ (ಜೋಡಿಯಲ್ಲಿ ದೊಡ್ಡದು, ಕೆಳಗಿನ ಸ್ವರದ್ದು) ಮೇಲೆ ಘೆ ಅನ್ನುವ ಪೆಟ್ಟು ಬಿದ್ದಾಗಲೆಲ್ಲ ಬಲಗಿವಿಯಲ್ಲಿ ಜೋಳದ ಒಣ ರವದಿ ಗಾಳಿಗೆ ಅಲ್ಲಾಡಿದ ಹಾಗೆ ಸದ್ದು. ಎಡಗಡೆ ಏನೂ ಇಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ವಿಷಯ. ಕಪ್ಪನ್ನು ಕಿವಿಗೆ ಒತ್ತಿದರೆ ಎರಡೂ ಕಡೆ ಸಣ್ಣಗೆ ಚಟ್ ಅನ್ನುತ್ತದೆ. ಇದು ಮೊದಲಿಂದಲೂ ಇತ್ತಾ, ಈಗ ಬಂತಾ, ನೆನಪಿಲ್ಲ.

ಊರಲ್ಲಿ ಒಂದು ಅಂಗಡಿಯಲ್ಲಿ ತೋರಿಸಿದೆ. ಕಿವಿಗೂ ಹಾಕಿಕೊಳ್ಳದೆ ಡ್ರೈವರ್, ಅಂದರೆ ಒಳಗೆ ಸದ್ದು ಹೊರಡಿಸುವ ಭಾಗ, ಹೋಗಿದೆ ಅಂದರು, ಬದಲಾಯಿಸಲು ಹೆಡ್‌ಫೋನಿನ ಅರ್ಧ ಬೆಲೆ ಹೇಳಿದರು. ನಿಜವಾಗಲೂ ಹೋಗಿದೆಯಾ ಅಂತ ಮನೆಯಲ್ಲೇ ತಿಳಿಯುವ ದಾರಿ ಇದೆಯಾ?

ಗುಮ್ಮಟದ ನೆರಳು, ವಿಜಯಪುರ

ದುಡ್ಡು ಕೊಡಬೇಡಿ, ಸ್ವಲ್ಪ ತಡೆಯಿರಿ.

ಮೊದಲ ಕೆಲಸ: ನಿಮ್ಮ ಕೇಬಲ್ ಎರಡೂ ಕಪ್ಪಿನಿಂದ ಬಿಚ್ಚುವಂಥದ್ದಾ? ಹಾಗಿದ್ದರೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಚುಚ್ಚಿ. ಅದೇ ತಬಲಾ, ಅದೇ ಜಾಗ ಹಾಕಿ ಕೇಳಿ. ಸದ್ದು ಎಡಗಿವಿಗೆ ಹೋದರೆ ತಪ್ಪು ಕೇಬಲ್ಲಿನದ್ದು, ಆಂಪ್‌ನದ್ದು (ಆಂಪ್ಲಿಫೈಯರ್) ಅಥವಾ ಆ ರೆಕಾರ್ಡಿಂಗಿನದ್ದು. ಬಲಗಡೆಯೇ ಉಳಿದರೆ ಕಪ್ಪಿನೊಳಗೆ ಏನೋ ಇದೆ ಅಂತ ಅರ್ಥ. ಬೆಳಗಾವಿಯ ಮಳೆಗೆ ಪ್ಲಗ್ ಮೇಲೆ ಹಸಿರು ಕಿಲುಬು ಹಿಡಿದಿರಲೂಬಹುದು, ಅದನ್ನೂ ನೋಡಿ.

ಎರಡನೆಯದು, ಈಕ್ವಲೈಸರ್ ಇದ್ದರೆ ಪೂರ್ತಿ ತೆಗೆದುಬಿಡಿ. ಬಾಸ್ ಏರಿಸಿಟ್ಟು ಫೋನಿನಿಂದಲೇ ಫುಲ್ ವಾಲ್ಯೂಮ್ ಕೊಟ್ಟರೆ ಸಿಗ್ನಲ್ಲೇ ಕತ್ತರಿಸಿಹೋಗಿ ಒಡಕು ಸದ್ದು ಬರುತ್ತದೆ. ಎಷ್ಟೋ ಜನ ಅದನ್ನೇ ಡ್ರೈವರ್ ಒಡೆದಿದೆ ಅಂದುಕೊಳ್ಳುತ್ತಾರೆ. ಆದರೆ ನಿಮ್ಮದು ಒಂದೇ ಕಡೆ ಬರುತ್ತಿದೆ, ಹಾಗಾಗಿ ಅದು ಇರಲಾರದು.

ನನಗೆ ಹೋದ ಬೇಸಿಗೆಯಲ್ಲಿ ಇದೇ ಆಗಿತ್ತು. ಪ್ಯಾಡ್ ತೆಗೆದು ನೋಡಿದರೆ ಒಂದೇ ಒಂದು ಕೂದಲು, ಜಾಲರಿಯೊಳಗೆ ತೂರಿ, ಅಲ್ಲಾಡಿ ಸದ್ದು ಹೊರಡಿಸುವ ತೆಳು ಹಾಳೆಗೆ ತಾಗಿಕೊಂಡಿತ್ತು. ಅದನ್ನು ಎಳೆದ ಮೇಲೆ ಸದ್ದು ನಿಂತುಹೋಯಿತು. ಹಾಗಾಗಿ ಮೊದಲು ಪ್ಯಾಡ್ ತೆಗೆದು ನೋಡಿ, ಆದರೆ ನಿಧಾನ. ಜೋರಾಗಿ ಎಳೆದರೆ ಒಳಗೆ ಗಾಳಿ ಹೀರಿದ ಹಾಗಾಗಿ ಹಾಳೆಗೆ ಪೆಟ್ಟು ಬೀಳುತ್ತದೆ.

ನವನಗರ ಮಲ್ಟಿಮೀಟರ್, ಬಾಗಲಕೋಟೆ

ಮೇಲಿನವರು ಹೇಳಿದ್ದು ಸರಿ. ಅದರ ಜೊತೆಗೆ ಅಳತೆ ಮಾಡಿ. ಪ್ಲೇನಾರ್‌ನಲ್ಲಿ ಅಳತೆ ತುಂಬಾ ಸುಲಭ, ಯಾಕೆ ಅಂತ ಹೇಳುತ್ತೇನೆ.

ಸಾಮಾನ್ಯ ಹೆಡ್‌ಫೋನಿನಲ್ಲಿ ಒಂದು ಕೋನ್, ಅದರ ಬೆನ್ನಿಗೆ ಸುತ್ತಿದ ತಂತಿಯ ಕಾಯಿಲ್ ಇರುತ್ತದೆ. ಪ್ಲೇನಾರ್‌ನಲ್ಲಿ ಆ ಸುತ್ತಿದ ಕಾಯಿಲ್ ಇಲ್ಲ. ತುಂಬಾ ತೆಳುವಾದ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಾವಿನ ಹಾಗೆ ಹೊರಳುತ್ತಾ ಹೋಗುವ ಅಲ್ಯೂಮಿನಿಯಂ ಗೆರೆ. ಹಾಳೆಯ ಒಂದು ಕಡೆ ಅಥವಾ ಎರಡೂ ಕಡೆ ಅಯಸ್ಕಾಂತದ ಪಟ್ಟಿಗಳ ಸಾಲು. ಗೆರೆಯಲ್ಲಿ ಕರೆಂಟ್ ಹರಿದಾಗ ಹಾಳೆ ಪೂರ್ತಿಯಾಗಿ ಹಿಂದೆ ಮುಂದೆ ಆಡುತ್ತದೆ. ಹೀಗಾಗಿ ಇದರ ಇಂಪಿಡೆನ್ಸ್ (ಕರೆಂಟಿಗೆ ಒಡ್ಡುವ ತಡೆ, ಓಮ್ ಲೆಕ್ಕದಲ್ಲಿ) ಎಲ್ಲ ಫ್ರೀಕ್ವೆನ್ಸಿಯಲ್ಲೂ ಹೆಚ್ಚು ಕಡಿಮೆ ಒಂದೇ. ಡಬ್ಬದ ಮೇಲೆ 32 ಅಂತಿದ್ದರೆ ಮಲ್ಟಿಮೀಟರ್ ಕೂಡ ಅದರ ಆಸುಪಾಸೇ ತೋರಿಸಬೇಕು.

ಹೆಡ್‌ಫೋನನ್ನು ಆಂಪ್‌ನಿಂದ ಬಿಚ್ಚಿ, ಕಿವಿಯಿಂದಲೂ ತೆಗೆದು ಟೇಬಲ್ ಮೇಲಿಡಿ. ಮೀಟರನ್ನು 200 ಓಮ್ ರೇಂಜಿಗೆ ಹಾಕಿ. ಮೊದಲು ಎರಡೂ ಪ್ರೋಬ್ ಒಂದಕ್ಕೊಂದು ತಾಗಿಸಿ, 0.3 ಅಂತ ಏನೋ ಬರುತ್ತದೆ, ಅದು ಮೀಟರ್ ತಂತಿಯದ್ದು, ಆಮೇಲೆ ಕಳೆಯಿರಿ. ಪ್ಲಗ್ಗಿನ ತುದಿ ಎಡಗಡೆ, ನಡುವಿನ ಉಂಗುರ ಬಲಗಡೆ, ಬುಡ ಎರಡಕ್ಕೂ ಸೇರಿದ್ದು. ತುದಿ ಮತ್ತು ಬುಡ ಹಿಡಿದು ಒಂದು ಅಳತೆ, ಉಂಗುರ ಮತ್ತು ಬುಡ ಹಿಡಿದು ಇನ್ನೊಂದು. ಎರಡೂ ಹತ್ತಿರ ಹತ್ತಿರ ಬಂದರೆ ಗೆರೆ ಹರಿದಿಲ್ಲ. ಬಲಗಡೆ ಏನೂ ತೋರಿಸದಿದ್ದರೆ ಎಲ್ಲೋ ತುಂಡಾಗಿದೆ. ಕೇಬಲ್ ಅಲ್ಲಾಡಿಸಿದಾಗ ನಂಬರ್ ಕುಣಿದರೆ ಕೇಬಲ್ ಅಥವಾ ಸಾಕೆಟ್ ನೋಡಿ.

ಆಂಪ್ ಕೂಡ ಒಮ್ಮೆ ಪರೀಕ್ಷಿಸಿ. ಹೆಡ್‌ಫೋನ್ ಹಾಕದೆ, ಹಾಡು ಹಾಕದೆ, ವಾಲ್ಯೂಮ್ ಸೊನ್ನೆಗಿಟ್ಟು ಔಟ್‌ಪುಟ್ಟಿನಲ್ಲಿ ಡಿಸಿ (ಒಂದೇ ದಿಕ್ಕಿನ ವೋಲ್ಟೇಜ್) ಎಷ್ಟಿದೆ ನೋಡಿ. ಕೆಲವೇ ಮಿಲಿವೋಲ್ಟ್ ಇದ್ದರೆ ಚಿಂತೆ ಇಲ್ಲ. ನೂರರ ಲೆಕ್ಕದಲ್ಲಿ ಬಂದರೆ ಆ ಆಂಪ್ ಬಳಸಲೇಬೇಡಿ, ಹಾಳೆಯನ್ನು ಸದಾ ಒಂದೇ ಕಡೆಗೆ ದೂಡಿ ಇಟ್ಟಿರುತ್ತದೆ.

ಒತ್ತಿದಾಗ ಚಟ್ ಅನ್ನುವುದಕ್ಕೆ ಹೆದರಬೇಡಿ. ಪ್ಯಾಡ್ ಬಿಗಿಯಾಗಿ ಕೂತಾಗ ಒಳಗಿನ ಗಾಳಿ ಹಾಳೆಯನ್ನು ಬಗ್ಗಿಸುತ್ತದೆ, ಕೆಲವು ಪ್ಲೇನಾರ್‌ಗಳಲ್ಲಿ ಅದು ಕೇಳಿಸುತ್ತದೆ. ಎರಡೂ ಕಡೆ ಒಂದೇ ಥರ ಇದ್ದರೆ ಅದು ಡ್ಯಾಮೇಜ್ ಅಲ್ಲ. ಆದರೆ ಚೆಕ್ ಮಾಡುತ್ತೇನೆ ಅಂತ ಪದೇ ಪದೇ ಒತ್ತುವುದು ಬೇಡ.

ಕೊನೆಗೆ ಫೋನಿನಲ್ಲಿ ಟೋನ್ ಜನರೇಟರ್ ಹಾಕಿಕೊಂಡು ಕಡಿಮೆ ವಾಲ್ಯೂಮಿನಲ್ಲಿ 200 ಹರ್ಟ್ಸ್‌ನಿಂದ ನಿಧಾನಕ್ಕೆ 20ರವರೆಗೆ ಇಳಿಯಿರಿ. ಎಲ್ಲಿ ಸದ್ದು ಶುರುವಾಗುತ್ತದೆ, ಎಲ್ಲಿ ನಿಲ್ಲುತ್ತದೆ, ಬರೆದಿಟ್ಟುಕೊಳ್ಳಿ.

ಹಳೇ ಕ್ಯಾಸೆಟ್

ಇಷ್ಟೆಲ್ಲ ಯಾಕೆ? ಧೂಳು ಇರುತ್ತದೆ ಅಷ್ಟೇ. ಕಂಪ್ಯೂಟರ್ ಕ್ಲೀನ್ ಮಾಡುವ ಬ್ಲೋವರ್ ತಗೊಂಡು ಹಿಂದಿನಿಂದ ಒಂದು ಸಲ ಊದಿ, ಎಲ್ಲ ಹಾರಿಹೋಗುತ್ತದೆ.

ನವನಗರ ಮಲ್ಟಿಮೀಟರ್, ಬಾಗಲಕೋಟೆ

ದಯವಿಟ್ಟು ಬ್ಲೋವರ್ ಬೇಡ. ವ್ಯಾಕ್ಯೂಮ್ ಕ್ಲೀನರ್ ಕೂಡ ಬೇಡ. ಆ ಹಾಳೆ ನಮ್ಮ ತಲೆಗೂದಲಿಗಿಂತ ಎಷ್ಟೋ ತೆಳು. ಬ್ಲೋವರಿನ ಗಾಳಿಗೆ ಹಿಗ್ಗಿಬಿಟ್ಟರೆ ಮತ್ತೆ ಮೊದಲಿನ ಬಿಗಿ ಬರುವುದಿಲ್ಲ, ಆಗ ನಿಜವಾಗಲೂ ಡ್ರೈವರ್ ಬದಲಾಯಿಸಬೇಕಾಗುತ್ತದೆ. ಹರಿಯದೆ, ಹಿಗ್ಗದೆ ಇದ್ದರೆ ಇವು ತುಂಬಾ ಕಾಲ ಬಾಳುತ್ತವೆ. ಯಮಹಾ 1976ರಲ್ಲಿ ತಂದ ಎಚ್‌ಪಿ-1 ಹೆಡ್‌ಫೋನ್ ಇದೇ ಜಾತಿಯದ್ದು, ಅವುಗಳಲ್ಲಿ ಇವತ್ತಿಗೂ ನುಡಿಯುವವು ಇವೆ.

ಇನ್ನೊಂದು. ಕಬ್ಬಿಣದ ಸ್ಕ್ರೂಡ್ರೈವರ್, ಚಿಮಟ ಹತ್ತಿರ ಒಯ್ಯಬೇಡಿ. ಅಯಸ್ಕಾಂತ ಅದನ್ನು ಕೈಯಿಂದ ಕಿತ್ತುಕೊಂಡು ನೇರ ಹಾಳೆಗೆ ಚುಚ್ಚಿಸಿಬಿಡುತ್ತದೆ. ನನ್ನ ಗೆಳೆಯನೊಬ್ಬನ ಡ್ರೈವರ್ ಹೀಗೇ ಹೋಯಿತು, ನಾನು ಎದುರಿಗೇ ಕೂತಿದ್ದೆ.

ಅನಗೋಳದ ಕೇಳುಗ, ಬೆಳಗಾವಿ

ಎಲ್ಲ ಮಾಡಿದೆ. ಭಾನುವಾರ ಇಡೀ ದಿನ ಇದೇ ಕೆಲಸ.

ಕೇಬಲ್ ಅದಲು ಬದಲು ಮಾಡಿದರೂ ಸದ್ದು ಬಲಗಡೆಯೇ ಇದೆ. ಮೀಟರ್ ತಂತಿಯದ್ದು ಕಳೆದ ಮೇಲೆ ಎಡ 32.4, ಬಲ 32.7. ಆ ನಂಬರ್ ನೋಡಿದಾಗ ಜೀವ ಬಂದ ಹಾಗಾಯಿತು. ಆಂಪ್ ಡಿಸಿ ಒಂದು ಕಡೆ 2, ಇನ್ನೊಂದು ಕಡೆ 3 ಮಿಲಿವೋಲ್ಟ್. ಟೋನ್ ಹಾಕಿದಾಗ 200ರಿಂದ 80ರವರೆಗೆ ಎರಡೂ ಕಡೆ ಸ್ವಚ್ಛ. 76ರ ಹತ್ತಿರ ಬಲಗಡೆ ಝರ್ ಶುರು, 50ರಲ್ಲಿ ಜೋರು, 40ರ ಕೆಳಗೆ ಮತ್ತೆ ಕಡಿಮೆ. ಕಾಳಿ ಒಂದಕ್ಕೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಸ್ವರಕ್ಕೆ) ಸೇರಿಸಿದ ತಂಬೂರಿಯ ಖರಜ, ಅಂದರೆ ತೀರ ಕೆಳಗಿನ ಸ್ವರದ ತಂತಿ, 70 ಹರ್ಟ್ಸ್ ಹತ್ತಿರವೇ ಬರುತ್ತದೆ, ಅದಕ್ಕೇ ನನಗೆ ಜವಾರಿ ಅನ್ನಿಸಿದ್ದು.

ಆಮೇಲೆ ಹಿಂದಿನ ಜಾಲರಿಯ ರಿಂಗನ್ನು ಒಂದು ಪ್ಲಾಸ್ಟಿಕ್ ಕಾರ್ಡಿನ ತುಂಡಿನಿಂದ ಎಬ್ಬಿಸಿ ತೆಗೆದೆ. ಫೋನಿನ ಟಾರ್ಚ್ ಓರೆಯಾಗಿ ಹಿಡಿದೆ. ಎಡಗಡೆ ಅಯಸ್ಕಾಂತದ ಪಟ್ಟಿಗಳು ನುಣ್ಣಗಿವೆ. ಬಲಗಡೆ ಮೂರು ಪಟ್ಟಿಗಳ ಅಂಚಿನಲ್ಲಿ ಎರಡು ದಿನದ ಗಡ್ಡದ ಹಾಗೆ ಕಪ್ಪು ಮುಳ್ಳು ನೆಟ್ಟಗೆ ನಿಂತಿವೆ. ಕೆಲವು ಸಂದಿಯೊಳಗೆ ಬಾಗಿಕೊಂಡಿವೆ. ಮೆಲ್ಲಗೆ ಕಪ್ಪನ್ನು ತಿರುಗಿಸಿದರೂ ಬೀಳುವುದಿಲ್ಲ. ಇದೇನು? ತುಕ್ಕಾ?

ಉದ್ಯಮಬಾಗ ಲೇತ್, ಬೆಳಗಾವಿ

ಒಂದು ಪ್ರಶ್ನೆ. ನಿಮ್ಮ ಕೆಲಸ ಎಲ್ಲಿ?

ಅನಗೋಳದ ಕೇಳುಗ, ಬೆಳಗಾವಿ

ಉದ್ಯಮಬಾಗದಲ್ಲೇ, ಒಂದು ಮಷಿನ್ ಶಾಪಿನಲ್ಲಿ ಇನ್‌ಸ್ಪೆಕ್ಷನ್. ಯಾಕೆ?

ಉದ್ಯಮಬಾಗ ಲೇತ್, ಬೆಳಗಾವಿ

ಅಲ್ಲಿಗೆ ಗೊತ್ತಾಯಿತು. ಅದು ತುಕ್ಕಲ್ಲ, ಬೀಡು ಕಬ್ಬಿಣದ ಪುಡಿ.

ನಾನು ಹದಿನೆಂಟು ವರ್ಷದಿಂದ ಲೇತ್ ಮೇಲೆ ಇದ್ದೇನೆ. ಸ್ಟೀಲ್ ಕೊರೆದರೆ ಸುರುಳಿ ಸುರುಳಿಯಾಗಿ ಬರುತ್ತದೆ, ಕೆಳಗೆ ಬೀಳುತ್ತದೆ, ಗುಡಿಸಿದರೆ ಆಯಿತು. ಬೀಡು ಹಾಗಲ್ಲ, ಪುಡಿಯಾಗಿ ಉದುರುತ್ತದೆ. ಫೆಟ್ಲಿಂಗ್ (ಎರಕದ ಅಂಚು ಉಜ್ಜಿ ತೆಗೆಯುವ ಕೆಲಸ) ಕಡೆ ಗ್ರೈಂಡರ್ ಹಿಡಿದರಂತೂ ಗಾಳಿಯಲ್ಲೇ ತೇಲುತ್ತಾ ಇರುತ್ತದೆ. ಅಂಗಿಯ ಜೇಬು, ಬ್ಯಾಗಿನ ಹೊಲಿಗೆ, ಉಗುರಿನ ಸಂದಿ, ಎಲ್ಲ ಕಡೆ ಕೂತಿರುತ್ತದೆ. ಡ್ಯೂಟಿ ಮುಗಿಸಿ ಬಂದು ಬ್ಯಾಗನ್ನು ಹೆಡ್‌ಫೋನ್ ಪಕ್ಕ ಇಡುತ್ತೀರಿ ಅಂತ ಕಾಣುತ್ತದೆ. ಬ್ಯಾಗ್ ಇರುವುದು ಹೆಡ್‌ಫೋನಿನ ಬಲಗಡೆಗಾ? ಒಮ್ಮೆ ನೋಡಿ.

ಆ ಮುಳ್ಳು ನೆಟ್ಟಗೆ ನಿಂತಿರುವುದು ಅಯಸ್ಕಾಂತದ ಸೆಳೆತದ ದಿಕ್ಕಿಗೆ. ಹಾಳೆ ಕೆಳಗಿನ ಸ್ವರಕ್ಕೆ ಜಾಸ್ತಿ ಆಡುತ್ತದೆ, ಆಗ ಮುಳ್ಳಿನ ತುದಿಗೆ ತಾಗಿ ಝರ್ ಅನ್ನುತ್ತದೆ. ಮೇಲಿನ ಸ್ವರಕ್ಕೆ ಅಷ್ಟು ಆಡುವುದಿಲ್ಲ, ಅದಕ್ಕೇ ನಿಮಗೆ 80ರ ಮೇಲೆ ಸ್ವಚ್ಛ.

ತೆಗೆಯುವ ರೀತಿ ಹೇಳುತ್ತೇನೆ, ಅವಸರ ಮಾಡಬೇಡಿ. ಗೋಡೆಗೆ ಪೋಸ್ಟರ್ ಅಂಟಿಸುವ ಪುಟ್ಟಿ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ. ಹಲ್ಲುಕಡ್ಡಿಯ ತುದಿಗೆ ಅಕ್ಕಿ ಕಾಳಿನಷ್ಟು ಅಂಟಿಸಿ, ಮೊನಚು ಹೊರಗೆ ಕಾಣಬಾರದು. ಬರೀ ಅಯಸ್ಕಾಂತದ ಪಟ್ಟಿಯ ಮೇಲೆ ಒತ್ತಿ ಎತ್ತಿ. ಉಜ್ಜಬೇಡಿ, ಉಜ್ಜಿದರೆ ಪುಡಿ ಸಂದಿಯೊಳಗೆ ಸರಿಯುತ್ತದೆ. ಪಟ್ಟಿಗಳ ನಡುವೆ ಹೊಳೆಯುವುದು ಹಾಳೆ, ಅದನ್ನು ಮುಟ್ಟಲೇಬೇಡಿ. ನಾಲ್ಕೈದು ಸಲ ಒತ್ತಿದ ಮೇಲೆ ಪುಟ್ಟಿ ಬದಲಾಯಿಸಿ. ಸೆಲ್ಲೋಟೇಪ್ ಬೇಡ, ಅಗಲ ಇರುತ್ತದೆ, ಹಾಳೆಗೆ ಅಂಟಿದರೆ ಅಲ್ಯೂಮಿನಿಯಂ ಗೆರೆಯನ್ನೇ ಎಬ್ಬಿಸಿಬಿಡುತ್ತದೆ. ಇನ್ನೊಂದು ದೊಡ್ಡ ಅಯಸ್ಕಾಂತ ತಂದು ಎಳೆಯಲೂ ಹೋಗಬೇಡಿ, ಪುಡಿ ಹಾಳೆಯನ್ನು ಗೀರಿಕೊಂಡು ಹೋಗುತ್ತದೆ.

ಶುರು ಮಾಡುವ ಮುಂಚೆ ಅಂಗಿ ಬದಲಾಯಿಸಿ, ಕೈ ತೊಳೆಯಿರಿ, ಟೇಬಲ್ ಮೇಲೆ ಒದ್ದೆ ಬಟ್ಟೆ ಹಾಸಿ.

ಗುಮ್ಮಟದ ನೆರಳು, ವಿಜಯಪುರ

ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮಲ್ಲಿ ಧೂಳು ಅಂದರೆ ಬರೀ ಮಣ್ಣು, ಊರೆಲ್ಲ ಅದೇ, ಆದರೆ ಅಯಸ್ಕಾಂತಕ್ಕೆ ಹೀಗೆ ಕಚ್ಚುವುದಿಲ್ಲ. ಕೇಳುಗರೇ, ಮಾಡಿದ ಮೇಲೆ ಏನಾಯಿತು ಬರೆಯಿರಿ, ಕಾಯುತ್ತಿರುತ್ತೇನೆ.

ಅನಗೋಳದ ಕೇಳುಗ, ಬೆಳಗಾವಿ

ಬ್ಯಾಗ್ ಬಲಗಡೆಯೇ ಇತ್ತು. ಮೊಳೆಗೆ ಹೆಡ್‌ಫೋನ್, ಅದರ ಪಕ್ಕದ ಮೊಳೆಗೆ ಬ್ಯಾಗ್. ಒಂದು ವರ್ಷದಿಂದ ಹಾಗೇ ನೇತಾಡುತ್ತಿದ್ದವು.

ನಿನ್ನೆ ರಾತ್ರಿ ಊಟ ಆದ ಮೇಲೆ ಕೂತೆ. ಮೊದಲ ಸಲ ಒತ್ತುವಾಗ ಕೈ ನಡುಗುತ್ತಿತ್ತು, ಹೆಂಡತಿ ಟಾರ್ಚ್ ಹಿಡಿದಳು. ಪುಟ್ಟಿ ಎತ್ತಿ ನೋಡಿದರೆ ಅದರ ಮೈಯೆಲ್ಲ ರಾಗಿ ಹಿಟ್ಟು ಉದುರಿದ ಹಾಗೆ ಕಪ್ಪು ಚುಕ್ಕೆ. ಮುಕ್ಕಾಲು ಗಂಟೆ ಆಯಿತು, ಆರು ಸಲ ಪುಟ್ಟಿ ಬದಲಾಯಿಸಿದೆ. ಅಂಚಿನಲ್ಲಿ ಇದ್ದದ್ದೆಲ್ಲ ಬಂತು. ಸಂದಿಯ ಆಳದಲ್ಲಿ ಒಂದು ಸಣ್ಣ ಚೂರು ಕಾಣುತ್ತದೆ, ಅದು ಹಾಳೆಗೆ ತೀರ ಹತ್ತಿರ ಇದೆ ಅಂತ ಬಿಟ್ಟೆ.

ಮತ್ತೆ ಟೋನ್ ಹಾಕಿದೆ. ನಾನು ಕೇಳುವ ವಾಲ್ಯೂಮಿನಲ್ಲಿ 200ರಿಂದ 20ರವರೆಗೆ ಏನೂ ಇಲ್ಲ. ತುಂಬಾ ಜೋರು ಮಾಡಿದರೆ ಮಾತ್ರ 48ರ ಹತ್ತಿರ ಸಣ್ಣ ಟಿಕ್. ಆಮೇಲೆ ಅದೇ ತಬಲಾ ಹಾಕಿದೆ. ಘೆ ಬಿದ್ದಾಗ ಡಗ್ಗಾದ ತೊಗಲು ಒತ್ತಿ ಸ್ವರ ಮೇಲಕ್ಕೆ ಜಾರಿಸುತ್ತಾರಲ್ಲ, ಆ ಜಾರು ಬಲಗಡೆಯಿಂದ ಅಷ್ಟು ಸ್ವಚ್ಛವಾಗಿ ಕೇಳಿ ಎಷ್ಟೋ ದಿನ ಆಗಿತ್ತು. ನಿಮ್ಮೆಲ್ಲರಿಗೂ ತುಂಬಾ ಥ್ಯಾಂಕ್ಸ್, ಮನಸಾರೆ ಹೇಳುತ್ತಿದ್ದೇನೆ.

ಬ್ಯಾಗ್ ಈಗ ಹೊರಗಿನ ಪಡಸಾಲೆಯಲ್ಲಿ. ಹೆಡ್‌ಫೋನಿಗೆ ಹಳೇ ಇಳಕಲ್ ಸೀರೆಯ ತುಂಡಿನಿಂದ ಚೀಲ ಹೊಲಿಯುತ್ತೇನೆ ಅಂತ ಅಮ್ಮ ಹೇಳಿದ್ದಾಳೆ. ಆ ಉಳಿದ ಚೂರನ್ನು ಏನು ಮಾಡಲಿ?

ನವನಗರ ಮಲ್ಟಿಮೀಟರ್, ಬಾಗಲಕೋಟೆ

ಸದ್ಯಕ್ಕೆ ಮುಟ್ಟಬೇಡಿ. ನೀವು ಕೇಳುವ ವಾಲ್ಯೂಮಿನಲ್ಲಿ ತಾಗುತ್ತಿಲ್ಲ ಅಂದರೆ ಅದು ಅಲ್ಲೇ ಇರಲಿ, ಟಿಕ್ ಕೇಳಬೇಕು ಅಂತ ಜೋರು ಮಾಡಲೂ ಹೋಗಬೇಡಿ. ಒಂದು ತಿಂಗಳು ಬಿಟ್ಟು ನಿಮ್ಮ ಮಾಮೂಲಿ ವಾಲ್ಯೂಮಿನಲ್ಲೇ ಮತ್ತೆ 200ರಿಂದ 20ಕ್ಕೆ ಇಳಿಯಿರಿ. ಸದ್ದು ಮರಳಿದ್ದರೆ ಯಾವ ನಂಬರಿನಲ್ಲಿ ಅಂತ ಇಲ್ಲಿ ಬರೆಯಿರಿ. ಚೀಲಕ್ಕೆ ಮಾತ್ರ ಕಬ್ಬಿಣದ ಗುಂಡಿ ಹಚ್ಚಬೇಡಿ ಅಂತ ಅಮ್ಮನಿಗೆ ಹೇಳಿ, ಲಾಡಿ ಸಾಕು.