ಸೊಳ್ಳೆ ‘ಕಡಿ’ಯುತ್ತದೋ ‘ಕಚ್ಚು’ತ್ತದೋ? ಕಲಬುರಗಿ ಕಡೆಯ ಬಳಕೆ ಬಗ್ಗೆ

ಎಲ್ಲರಿಗೂ ಶರಣು ಶರಣಾರ್ಥಿ.

ಕಲಬುರಗಿಯ ನಮ್ಮ ಬಡಾವಣೆಗೆ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಮನೆ, ಅಂಗಳ, ಕೈತೋಟದಲ್ಲಿ ಕಾಡುವ ಸೊಳ್ಳೆ, ತಗಣಿ, ಚಿಕ್ಕಾಡು, ಕೆಂಪಿರುವೆ ಇವನ್ನೆಲ್ಲ ದೂರ ಇಡೋದು ಹೇಗೆ ಅಂತ. ಮಳೆಗಾಲಕ್ಕೆ ಮುಂಚೆ ಹಂಚಬೇಕು. ಡೆಂಗಿ ಹರಡುವ ಸೊಳ್ಳೆ ಬಗ್ಗೆ ಬರೆಯುವಾಗ ‘ಇದು ಹಗಲು ಹೊತ್ತಿನಲ್ಲೇ ಜಾಸ್ತಿ ಕಡಿಯುತ್ತದೆ’ ಅಂದಿದ್ದೆ. ಕರಡು ನೋಡಿಕೊಟ್ಟ ಸ್ನೇಹಿತರು ಮೈಸೂರು ಕಡೆಯವರು. ‘ಕಡಿ’ ಇದ್ದಲ್ಲೆಲ್ಲ ಗೀಟು ಹಾಕಿ ‘ಕಚ್ಚು’ ಅಂತ ತಿದ್ದಿದ್ದಾರೆ. ಕಡಿಯೋದು ಮರವನ್ನು, ಕಟ್ಟಿಗೆಯನ್ನು. ಸೊಳ್ಳೆ ಕಡಿಯೋದು ಉರ್ದುವಿನ ‘ಕಾಟ್ನಾ’ದ ನಕಲು ಅನ್ನೋದು ಅವರ ಮಾತು. ಕಾಟ್ನಾ ಅಂದರೆ ಕತ್ತರಿಸು ಅಂತಲೂ ಆಗುತ್ತದೆ, ಕಚ್ಚು ಅಂತಲೂ ಆಗುತ್ತದೆ.

ಮೊದಲ ಸಲ ಕೇಳಿದಾಗ ಸರಿ ಅನ್ನಿಸುವ ಮಾತೇ ಇದು. ಇಲ್ಲಿ ‘ಮಚ್ಛರ್ ಕಾಟ್ ರಹೇ’ ಅನ್ನುವವರೂ ‘ಸೊಳ್ಳಿ ಕಡೀಲತ್ತಾವ’ ಅನ್ನುವವರೂ ಒಂದೇ ಕಟ್ಟೆ ಮೇಲೆ ಕೂತಿರುತ್ತಾರೆ. 1948ರ ತನಕ ನಿಜಾಮರ ಆಳ್ವಿಕೆಯಲ್ಲಿದ್ದ ಊರು. ಆದರೂ ನಾನು ಒಪ್ಪಲಾರೆ. ತಮಿಳಿನಲ್ಲೂ ನಾಯಿ, ಸೊಳ್ಳೆ, ಇರುವೆ ಎಲ್ಲ ‘ಕಡಿ’ಯುತ್ತವೆ. ಮಧುರೆಯವರು ಅದನ್ನು ಉರ್ದುವಿನಿಂದ ತಂದರು ಅನ್ನೋಕಾಗುತ್ತಾ? ಇದು ದ್ರಾವಿಡ ನುಡಿಗಳ ಹಳೆಯ ಸೊತ್ತು. ‘ಕಚ್ಚು’ ಕೂಡ ಹಳೆಯದೇ, ಹಳಗನ್ನಡದಲ್ಲಿ ಅದು ‘ಕರ್ಚು’. ಹತ್ತಿರದ ತೆಲಂಗಾಣದವರು ನಾಯಿಗೆ ‘ಕರಚು’ ಅನ್ನುತ್ತಾರೆ, ಸೊಳ್ಳೆಗೆ ‘ಕುಟ್ಟು’ ಅನ್ನುತ್ತಾರೆ. ಇನ್ನೂ ಒಂದು ಮಾತು. ಬೆಂಗಳೂರಿನ ಪತ್ರಿಕೆಗಳೇ ‘ನಾಯಿ ಕಡಿತ’, ‘ಹಾವು ಕಡಿತ’ ಅಂತ ತಲೆಬರಹ ಕೊಡುತ್ತವೆ. ‘ಕಡಿತ’ ಎಲ್ಲರಿಗೂ ಒಪ್ಪಿತ ಅನ್ನೋದಾದರೆ ‘ಕಡಿಯಿತು’ ಮಾತ್ರ ಯಾಕೆ ತಪ್ಪಾಗಬೇಕು?

ನನಗೆ ಇದರಲ್ಲಿ ತುಂಬ ಇಷ್ಟವಾಗುವ ಸಂಗತಿ ಬೇರೆ ಇದೆ. ನಮ್ಮ ಕಡೆ ‘ಸೊಳ್ಳಿ ಕಡೀತು’ ಅನ್ನುತ್ತೇವೆ. ಸ್ವಲ್ಪ ಹೊತ್ತಿಗೆ ‘ಕೈ ಕಡೀಲತ್ತದ’ ಅನ್ನುತ್ತೇವೆ. ಮೊದಲನೆಯದರಲ್ಲಿ ಕಡಿಯೋದು ಸೊಳ್ಳೆ, ಎರಡನೆಯದರಲ್ಲಿ ಕಡಿಯೋದು ಕೈ. ಕಡಿಸಿಕೊಂಡದ್ದೂ ಅದರಿಂದ ಆದ ನವೆಯೂ ಒಂದೇ ಮಾತಿನಲ್ಲಿ ಬಂತು. ಸೊಳ್ಳೆ ರಕ್ತ ಹೀರುವಾಗ ಅದು ಹೆಪ್ಪುಗಟ್ಟದಿರಲಿ ಅಂತ ತನ್ನ ಜೊಲ್ಲು ಬಿಡುತ್ತದೆ. ಆ ಜೊಲ್ಲನ್ನು ಮೈ ಸಹಿಸದೆ ದದ್ದು ಏಳುತ್ತದೆ, ನವೆ ಬರುತ್ತದೆ. ಮತ್ತೆ ನವೆಗೆ ಇಲ್ಲಿ ‘ತಿಂಡಿ’ ಅಂತಲೂ ಅನ್ನುತ್ತಾರೆ. ‘ಮೈಯೆಲ್ಲ ತಿಂಡಿ’ ಅಂದರೆ ದಕ್ಷಿಣದವರಿಗೆ ಉಪ್ಪಿಟ್ಟು ನೆನಪಾಗಬಹುದು. ಆದರೆ ತಮಿಳಿನಲ್ಲೂ ತಿನ್ನು ಅನ್ನೋದರಿಂದಲೇ ‘ತಿನವು’, ಅಂದರೆ ನವೆ. ನಮ್ಮ ಬಸವಕಲ್ಯಾಣದಲ್ಲಿ ಕೂತು ಬಸವಣ್ಣನವರು ‘ಹಾವು ತಿಂದವರ ನುಡಿಸಬಹುದು’ ಅಂದರಲ್ಲ, ಅಲ್ಲಿ ತಿನ್ನೋದು ಅಂದರೆ ಕಚ್ಚೋದೇ. ಕಡಿ, ತಿನ್ನು ಎರಡೂ ಒಂದೇ ದಾರಿ ಹಿಡಿದಿವೆ. ಮೊದಲು ಹಲ್ಲಿನ ಕೆಲಸ, ಆಮೇಲೆ ಚರ್ಮದ ಸಂಕಟ.

ಸ್ನೇಹಿತರ ಇನ್ನೊಂದು ತಕರಾರು: ಬಾಯಿಂದ ಆದರೆ ಕಚ್ಚು, ಬಾಲದಿಂದ ಆದರೆ ಕುಟುಕು ಅಥವಾ ಚುಚ್ಚು ಅಂತ ಬರೆಯಬೇಕು. ‘ಕಡಿ’ ಇದನ್ನೆಲ್ಲ ಕಲಸಿಬಿಡುತ್ತದೆ. ನಿಜ, ಇಲ್ಲಿ ನಾಯಿ, ಸೊಳ್ಳೆ, ಚೇಳು, ಜೇನು ಎಲ್ಲವೂ ‘ಕಡಿ’ಯುತ್ತವೆ. ಆದರೆ ಗಿಡದ ಬುಡದಲ್ಲಿ ಕೈ ಹಾಕಿದಾಗ ಹತ್ತುವ ಕೆಂಪಿರುವೆ ನೋಡಿ. ಕೆಲವು ಜಾತಿಯವು ಬಾಯಿಂದ ಚರ್ಮ ಗಟ್ಟಿ ಹಿಡಿದು, ಮೈ ಬಗ್ಗಿಸಿ, ಹಿಂದಿನ ಮುಳ್ಳಿನಿಂದ ಚುಚ್ಚುತ್ತವೆ. ಉರಿಯೋದು ಆ ಚುಚ್ಚಿದ್ದರಿಂದ. ಅದು ಕಚ್ಚಿತೋ, ಕುಟುಕಿತೋ? ಸೊಳ್ಳೆಗಂತೂ ಹಲ್ಲೇ ಇಲ್ಲ. ಸೊಂಡಿಲೊಳಗೆ ಆರು ಸಣ್ಣ ಸೂಜಿಗಳಿವೆ. ಹಾಗಾಗಿ ‘ಕಚ್ಚು’ ಹೆಚ್ಚು ಖಚಿತ ಅನ್ನೋ ವಾದ ನಿಲ್ಲೋದಿಲ್ಲ.

ಜೇನಿನ ವಿಷಯದಲ್ಲಿ ಮಾತ್ರ ಅವರ ಮಾತು ಕೇಳಿದ್ದೇನೆ. ಜೇನಿನ ಮುಳ್ಳು ಚರ್ಮದಲ್ಲೇ ಉಳಿಯುತ್ತದೆ, ಅದನ್ನು ಬೇಗ ತೆಗೆಯಬೇಕು. ಓದಿದವರಿಗೆ ಮುಳ್ಳು ನೆನಪಾಗಲಿ ಅಂತ ಅಲ್ಲಿ ‘ಚುಚ್ಚಿದರೆ’ ಅಂತಲೇ ಬರೆದೆ.

ಈಗ ನಿಮ್ಮಿಂದ ಬೇಕಾದ್ದು. ಸೊಳ್ಳೆ ನೀರಿನಲ್ಲಿರುವಾಗ ಅದಕ್ಕೆ ನಿಮ್ಮೂರಲ್ಲಿ ಏನಂತಾರೆ? ಸರಕಾರಿ ಪ್ರಕಟಣೆಗಳಲ್ಲಿ ‘ಲಾರ್ವಾ’ ಅಂತ ಇರುತ್ತದೆ. ನಮ್ಮ ಓಣಿಯಲ್ಲಿ ‘ನೀರಾಗ ಹುಳ ಬಿದ್ದಾವ’ ಅನ್ನುತ್ತಾರೆ, ಅಷ್ಟೇ. ನಳದ ನೀರು ದಿನಾ ಬರೋದಿಲ್ಲ, ಡ್ರಮ್ಮು, ಕೊಡ, ರಂಜಣಗಿ ಎಲ್ಲ ತುಂಬಿಡಬೇಕು. ಬೇಸಿಗೆ ಮುಗಿದರೂ ಕೂಲರಿನ ತಳದಲ್ಲಿ ನೀರು ನಿಂತೇ ಇರುತ್ತದೆ. ಅಲ್ಲಿ ತಲೆಕೆಳಗಾಗಿ ತೂಗಾಡುತ್ತಾ, ಮುಟ್ಟಿದರೆ ಸರಕ್ಕನೆ ಕೆಳಗೆ ಹೋಗುವ ಆ ಹುಳವನ್ನು ಬಟ್ಟೆಯಲ್ಲಿ ಸೋಸಿ ನೀರು ಬಳಸುವವರಿದ್ದಾರೆ. ಅದು ಎಲ್ಲಿಂದಲೋ ಬಿದ್ದ ಹುಳ ಅಲ್ಲ, ವಾರ ಹತ್ತು ದಿನದಲ್ಲಿ ಹಾರುವ ಸೊಳ್ಳೆ. ‘ಸೊಳ್ಳೆಮರಿ’ ಅಂದರೆ ಆ ನಂಟು ಕೂಡಲೇ ಹೊಳೆಯುತ್ತದೆ ಅಂತ ನನ್ನ ಅನಿಸಿಕೆ. ವಾರಕ್ಕೊಮ್ಮೆ ನೀರು ಚೆಲ್ಲಿ ಒಳಗೋಡೆ ತಿಕ್ಕಿ ತೊಳೆಯಿರಿ ಅಂತ ಯಾಕೆ ಹೇಳುತ್ತಾರೆ ಅನ್ನೋದೂ ತಿಳಿಯುತ್ತದೆ. ಡೆಂಗಿ ಸೊಳ್ಳೆಯ ಮೊಟ್ಟೆ ಗೋಡೆಗೆ ಅಂಟಿ, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಸುಮ್ನೆ ನೀರು ಚೆಲ್ಲಿದರೆ ಸಾಲದು.

ಇನ್ನೊಂದು ‘ಚಿಕ್ಕಾಡು’. ನಾಯಿ, ಬೆಕ್ಕಿನ ಮೈಯಿಂದ ಜಿಗಿದು ನಮ್ಮ ಪಾದ, ಮೀನಖಂಡಕ್ಕೆ ಕಡಿಯುವ ಚಿಗಟಕ್ಕೆ ನಾನು ಈ ಮಾತು ಬಳಸಿದ್ದೇನೆ. ‘ಗುಂಗಾಡು, ಚಿಕ್ಕಾಡು’ ಅಂತ ಜೋಡಿಯಾಗಿ ಹೇಳುವವರು ಸಣ್ಣ ಸೊಳ್ಳೆಗೂ ಹೀಗೇ ಅನ್ನುತ್ತಾರಾ? ಇದು ಗೊತ್ತಾಗಲೇಬೇಕು. ಚಿಗಟಕ್ಕೆ ನಾಯಿ ಮಲಗುವ ಗೋಣಿ, ಚಾದರ ಬಿಸಿನೀರಲ್ಲಿ ತೊಳೆಯಬೇಕು, ಸೊಳ್ಳೆಗೆ ನೀರಿನ ಡ್ರಮ್ಮು ಮುಚ್ಚಬೇಕು. ಹೆಸರು ತಪ್ಪಿದರೆ ಉಪಾಯವೂ ತಪ್ಪುತ್ತದೆ.

ಔರಾದ, ಭಾಲ್ಕಿ, ಚಿಂಚೋಳಿ, ಸೇಡಂ, ಸುರಪುರ, ಶಹಾಪುರ ಕಡೆಯವರು ದಯವಿಟ್ಟು ತಿಳಿಸಿ. ಮನೆಯಲ್ಲಿ ಅಜ್ಜಿ, ಆಯಿ ಇದ್ದರೆ ಅವರನ್ನು ಕೇಳಿ, ಅವರು ಅಂದ ಹಾಗೇ ಬರೆಯಿರಿ. ಊರಿನ ಹೆಸರನ್ನೂ ಹಾಕಿ.