ನೋಡದೆಯೇ ಕೋಣೆಗೆ ಮುಂಗಡ ಕೊಡಬಹುದೇ?

ಪ್ರಶ್ನೆ:
ಸ್ನಾತಕೋತ್ತರ ವ್ಯಾಸಂಗಕ್ಕಾಗಿ, ಪರಿಚಯಸ್ಥರು ಯಾರೂ ಇಲ್ಲದ ನಗರಕ್ಕೆ ಹೋಗಲಿದ್ದೇನೆ. ಹಾಸ್ಟೆಲ್‌ನಲ್ಲಿ ಜಾಗ ಸಿಕ್ಕಿಲ್ಲ. ಜಾಲತಾಣದಲ್ಲಿ ಕಂಡ ಕೋಣೆಯೊಂದು ಹಿಡಿಸಿದೆ. ಆದರೆ ಮುಂಗಡ ಕಳುಹಿಸಿದ ಮೇಲಷ್ಟೇ ಕೋಣೆ ತೋರಿಸುವುದಾಗಿ ಮಾಲೀಕರು ಹೇಳುತ್ತಿದ್ದಾರೆ. ಒಪ್ಪಬಹುದೇ?

ಉತ್ತರ 1:
ದಯವಿಟ್ಟು ಒಪ್ಪಬೇಡಿ. ಬೇರೆಯವರ ಮನೆಯ ಚಿತ್ರಗಳನ್ನು ಕದ್ದು ಹಾಕಿ, ತಾನು ಊರಲ್ಲಿಲ್ಲವೆಂದು ನೆಪ ಹೇಳಿ, ಆತುರಪಡಿಸಿ ಹಣ ಕೀಳುವುದು ಬಹಳ ಹಳೆಯ ವಂಚನೆ. ವಿಡಿಯೋ ಕರೆಯಲ್ಲಿ ಮುಖ್ಯದ್ವಾರದಿಂದ ಕೋಣೆಯವರೆಗೆ ನಡೆದು ತೋರಿಸುವಂತೆ ಕೇಳಿ. ನಿಜವಾದ ಮಾಲೀಕರಿಗೆ ಅದೇನೂ ಕಷ್ಟವಲ್ಲ.

ಉತ್ತರ 2:
ಮೇಲಿನವರ ಮಾತು ಸರಿ. ಆದರೆ ವಿಡಿಯೋದಲ್ಲಿ ಗೋಡೆಯ ತೇವದ ವಾಸನೆಯಾಗಲಿ, ರಾತ್ರಿಯ ಗದ್ದಲವಾಗಲಿ ತಿಳಿಯುವುದಿಲ್ಲವಾದ್ದರಿಂದ, ಮೊದಲ ಒಂದೆರಡು ವಾರಗಳಿಗೆ ತಾತ್ಕಾಲಿಕ ವಸತಿ ಹಿಡಿದು, ಕೋಣೆಗಳನ್ನು ಹಗಲಿನಲ್ಲೂ ಕತ್ತಲಾದ ಮೇಲೂ ಖುದ್ದಾಗಿ ನೋಡಿ ನಿರ್ಧರಿಸುವುದು ಒಳ್ಳೆಯದು. ತರಗತಿಯ ವೇಳೆಗೆ ಒಮ್ಮೆ ಕಾಲೇಜಿಗೆ ಪ್ರಯಾಣಿಸಿಯೂ ನೋಡಿ. ನಕ್ಷೆಯಲ್ಲಿನ ದೂರವನ್ನು ನಾನಂತೂ ನಂಬುವುದಿಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಒಪ್ಪಂದದಲ್ಲಿ ಏನನ್ನು ಗಮನಿಸಬೇಕು?

ಉತ್ತರ 3:
ಮುಂಗಡ ಮರಳಿಸುವ ಷರತ್ತು, ಖಾಲಿ ಮಾಡುವ ಮುನ್ನ ಕೊಡಬೇಕಾದ ಸೂಚನೆಯ ಅವಧಿ, ವಿದ್ಯುತ್ ಮತ್ತು ನೀರಿನ ವೆಚ್ಚ ಯಾರದು ಎಂಬುದು ಬರವಣಿಗೆಯಲ್ಲಿರಲಿ. ಬಾಡಿಗೆದಾರರೇ ಒಳಬಾಡಿಗೆಗೆ ಕೊಡುತ್ತಿದ್ದರೆ ಮೂಲ ಮಾಲೀಕರ ಲಿಖಿತ ಒಪ್ಪಿಗೆಯನ್ನೂ ಕೇಳಿ. ಸಾಮಾನು ಇಳಿಸುವ ಮೊದಲೇ ಗೋಡೆ, ನಲ್ಲಿ, ಪೀಠೋಪಕರಣಗಳ ಚಿತ್ರ ತೆಗೆದು ಮಾಲೀಕರಿಗೆ ಕಳುಹಿಸಿದರೆ, ಹಳೆಯ ಬಿರುಕಿನ ರಿಪೇರಿ ಖರ್ಚು ನಿಮ್ಮ ಮುಂಗಡದಿಂದ ಕಡಿತವಾಗುವ ಸಂಭವ ಕಡಿಮೆ.